ಬೆರಳೆಣಿಕೆ

ಇಸ್ತಾಂಬುಲಿನ ಮುಜ್ಗಾನಳ ಮುಖ ಯಾರಿಗೂ ಗೊತ್ತಿಲ್ಲ.
ಕೈ ಮಾತ್ರ ಎಲ್ಲರ ಮನೆಯಲ್ಲೂ ಇತ್ತು:
ಸೋಪಿನ ಕವರಿನ ಮೇಲೆ, ಚಹಾ ಪೊಟ್ಟಣದ ಮೇಲೆ,
ಉಂಗುರದಂಗಡಿಯ ಗಾಜಿನ ಹಿಂದೆ
ಆಳೆತ್ತರ.

ಇಪ್ಪತ್ತೆರಡು ವರ್ಷ,
ಆಗಸ್ಟಿನ ಸುಡುಬಿಸಿಲಲ್ಲೂ ಹತ್ತಿಯ ಬಿಳಿ ಗವಸು.
ಕಾಡಿಕೊಯ್‌ಗೆ ಹೋಗುವ ಫೆರಿಯಲ್ಲಿ
ಪಕ್ಕದವರು ತುಸು ಸರಿದು ಕೂರುತ್ತಿದ್ದರು,
ಏನೋ ಚರ್ಮರೋಗವೆಂದು.
ಅವಳು ತಿದ್ದಲಿಲ್ಲ; ಜಾಗ ಸಿಗುತ್ತಿತ್ತಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಲೆಕ್ಕ.
ಇವಳದು ತಿರುವುಮುರುವು:
ಒಂದು ಗೀರು ಬಿದ್ದರೆ ಆ ತಿಂಗಳ ಮೊಸರಿಲ್ಲ.
ಪಾತ್ರೆ, ಗಂಡ ಹುಸ್ನು ತೊಳೆದ.
ಉಪ್ಪಿನಕಾಯಿ ಜಾಡಿಯ ಮುಚ್ಚಳ, ಪಕ್ಕದ ಮನೆಯ ಹುಡುಗ ತೆಗೆದ.
ತಂಗಿ ನೆವಿನಳ ಗೋರಂಟಿ ರಾತ್ರಿ
ಹಾಡು ಹೇಳಿದಳು, ಅತ್ತಳು, ತಟ್ಟೆ ಬಂದಾಗ
ಕೈ ಹಿಂದೆ ಕಟ್ಟಿ ಗೋಡೆಗೊರಗಿ ನಿಂತಳು.
ಕರಾರಿನ ಏಳನೆಯ ಕಲಮು: ಬಣ್ಣ ಕೂಡದು.
ತಂಗಿ ಅದನ್ನು ಇನ್ನೂ ಮರೆತಿಲ್ಲ.

ಮೊದಮೊದಲು ಯಂತ್ರ ಬರೆದ ಕೈಗಳನ್ನು ನೋಡಿ
ಸ್ಟುಡಿಯೋ ತುಂಬ ನಗು.
ಆರು ಬೆರಳು, ಏಳು ಬೆರಳು,
ಚಹಾ ಲೋಟದೊಳಗೇ ಕರಗಿಹೋದ ಹೆಬ್ಬೆರಳು.
ಒಂದು ಕೈಗಂತೂ ಎರಡೂ ಕಡೆ ಅಂಗೈ.
‘ಇದಕ್ಕೆ ಭವಿಷ್ಯ ಹೇಳುವವನಿಗೆ ದುಪ್ಪಟ್ಟು ಕೂಲಿ’
ಎಂದ ತುಂಜಾಯ್,
ಮರುವಾರ ಅವಳನ್ನೇ ಕರೆದ:
ಕ್ಯಾಮೆರಾದ ಮುಂದಲ್ಲ, ಪರದೆಯ ಮುಂದೆ.
ಕೆಲಸ ಸುಲಭ. ಬೆರಳೆಣಿಸುವುದು.
ತಪ್ಪಿದ್ದರೆ ಕೆಂಪು ಗುಂಡಿ, ಸರಿಯಿದ್ದರೆ ಹಸಿರು.
ಚಿತ್ರಕ್ಕಿಷ್ಟು ಎಂದು ಕಾಸು.

ಎಣಿಸಿದಳು.
ದಿನಕ್ಕೆ ಎರಡು ಸಾವಿರ ಕೈ. ಯಾರವೂ ಅಲ್ಲದ ಕೈ.
ಬರಿಯ ಎಣಿಕೆಯಲ್ಲ, ಕಲಿಸಿದಳು ಕೂಡ:
ಲೋಟ ಬಿಸಿಯಿದ್ದರೆ ಕಿರುಬೆರಳು ಹೀಗೆ ದೂರ ನಿಲ್ಲುತ್ತದೆ,
ಉಂಗುರ ಹೊಸದಾದರೆ ಪಕ್ಕದ ಬೆರಳು ನಾಚುತ್ತದೆ,
ಐದು ಬೆರಳೂ ಒಂದೇ ಸಮ ಇರುವುದಿಲ್ಲ.
ಟಿಪ್ಪಣಿಯ ಚೌಕದಲ್ಲಿ ಬರೆಬರೆದು ಕಳಿಸಿದಳು.

ಒಂದು ಮಂಗಳವಾರ ತೆರೆದರೆ
ಅವಳ ಎಡಗೈ ಅಲ್ಲಿತ್ತು.
ಮಣಿಕಟ್ಟಿನ ಮಚ್ಚೆಯೊಂದಿಲ್ಲ;
ಮಿಕ್ಕಿದ್ದೆಲ್ಲ ಅದೇ, ಆ ನಾಚಿಕೆ ಸಹಿತ.
ಕೈಹುಣ್ಣಿಗೆ ಕನ್ನಡಿ ಬೇಕೆ?
ಬಹಳ ಹೊತ್ತು ನೋಡಿ
ಹಸಿರು ಒತ್ತಿದಳು. ತಪ್ಪೇನೂ ಇರಲಿಲ್ಲವಲ್ಲ.

ಕೆಂಪು ಗುಂಡಿ ಬೆರಳೆಣಿಕೆಗೆ ಬಂತು,
ಆಮೇಲೆ ಅದಕ್ಕೂ ಇಲ್ಲ.
‘ಹೆಣ್ಣಿನ ಕೈ, ಸೋಪು, ಬೆಳಗಿನ ಬೆಳಕು’
ಇಷ್ಟು ಟೈಪಿಸಿದರೆ ಅರೆನಿಮಿಷಕ್ಕೆ ನಲವತ್ತು ಜಾಹೀರಾತು.
ತುಂಜಾಯ್ ಕೈಕುಲುಕಿ ಕಳಿಸಿದ, ಗವಸಿನ ಮೇಲಿಂದಲೇ.
ಹಳೆಯ ರೂಢಿ.

ಸೆಪ್ಟೆಂಬರು. ದೋಣಿಕಟ್ಟೆಯ ಬಳಿ ಹಸಿ ಅಕ್ರೋಟಿನವನು
ಹಸಿರು ಸಿಪ್ಪೆ ಸುಲಿಯುತ್ತ ಕೂತಿದ್ದ,
ಮೊಣಕೈವರೆಗೆ ಮಸಿ.
‘ಸುಲಿದದ್ದು ಕೊಡಲೇ?’
‘ಬೇಡ, ಇಡೀದೇ ಕೊಡಿ.’
‘ಕಲೆ ತಿಂಗಳಾದರೂ ಹೋಗಲ್ಲ, ಅಕ್ಕಾ.’
ಗವಸು ಕಳಚಿ ಚೀಲಕ್ಕೆ ಹಾಕಿದಳು.

ಫೆರಿ ಹೊರಟಾಗ ಕಂಬಿಗೆ ಒರಗಿ
ಉಗುರಿನಿಂದಲೇ ಬಿಡಿಸುತ್ತಿದ್ದಳು, ಅಡ್ಡಾದಿಡ್ಡಿ.
ರಸ ಮಣಿಕಟ್ಟಿಗಿಳಿದು ಮಚ್ಚೆಯನ್ನು ಮುಚ್ಚಿತು.
ಪಕ್ಕದವರು ಈಗಲೂ ತುಸು ಸರಿದರು.
ತಂಗಿಯ ಮನೆ ಆಚೆ ದಡದಲ್ಲಿ.
ಒಂಬತ್ತು ಬೆರಳು ಕಪ್ಪಾಗಿದ್ದವು;
ಹತ್ತನೆಯದನ್ನು ಎಣಿಸುವಷ್ಟರಲ್ಲಿ ಕಡಲಹಕ್ಕಿಯೊಂದು ಎರಗಿ
ತಿರುಳನ್ನು ಕಸಿದುಕೊಂಡು ಹೋಯಿತು.