ರಂದಾದ ಮ್ಯಾಲ ಹೆಬ್ಬೆಟ್ಟು

ಕಲಬುರಗಿಯೊಳಗ ತೇವ ಅಂದ್ರ ನಗ್ತಾರ ಮಂದಿ.
ಮೇ ತಿಂಗಳದಾಗ ಡಾಂಬರು ಚಪ್ಪಲಿಗಿ ಅಂಟ್ತದ,
ನಾಯಿ ಸುದ್ದಾ ಲಾರಿ ಕೆಳಗಿಂದ ಕದಲಂಗಿಲ್ಲ.
ಆದ್ರ ನನ್ನ ದುಕಾನಿನ ಹಿಂದಿನ ಗ್ವಾಡಿ
ಹನ್ನೆರಡು ತಿಂಗಳೂ ಬೆವರ್ತದ.
ಗ್ವಾಡಿ ಆಚಿಗಿ ಐಸ್ ಫ್ಯಾಕ್ಟರಿ.

ಬ್ಯಾಸಗಿ ಬಂತಂದ್ರ ಎಲ್ಲಾರೂ ನನ್ನ ಗೆಳ್ಯಾರೇ.
ಪಂಕ್ಚರ್ ಅಂಗಡಿ ಲಾಲಪ್ಪ, ತೊಗರಿ ದಲಾಲಿ ಸಿದ್ರಾಮಪ್ಪ
ಗ್ವಾಡಿಗಿ ಬೆನ್ನು ಹಚ್ಚಿ ಕಣ್ಣು ಮುಚ್ಚತಾರ,
"ನಿಂದು ಪುಣ್ಯ ಮೋನಪ್ಪ" ಅಂತಾರ.
ಆ ಪುಣ್ಯ ಎಲ್ಲಿ ಹತ್ತತದ ಗೊತ್ತದೇನು?
ಉಳಿಯ ಬಾಯಿಗಿ. ಗರಗಸದ ಹಲ್ಲಿಗಿ.
ಕೆಂಪು, ನುಣ್ಣಗ, ಕುಂಕುಮ ಉದುರಿದಂಗ.

"ಜಂಗು ನಿದ್ದಿ ಮಾಡಂಗಿಲ್ಲ ಮಗಾ" ಅಂತಿದ್ದ
ನನ್ನ ಉಸ್ತಾದ, ಮಶಾಕಸಾಬ.
ಕುಸುಬಿ ಎಣ್ಣಿ ಹಚ್ಚಬ್ಯಾಡ, ಒಣಗಿ ಗೋಂದಾಗ್ತದ.
ಔಡಲೆಣ್ಣಿ ತಗೋ, ಹಳೀ ಧೋತರದ ಚಿಂದಿ ತಗೋ,
ಹಚ್ಚು, ಆಮ್ಯಾಲ ಒರಸು.
ಒರಸಿದ ಮ್ಯಾಲ ಉಳಿಯೋದಕ್ಕೇ ಎಣ್ಣಿ ಅಂತಾರ.
ಹಸಿ ಜಾಲಿಯ ಹೊಟ್ಟು ಉಳಿ ಮ್ಯಾಲ ಬಿಟ್ಟು
ಊಟಕ್ಕ ಹೋಗಬ್ಯಾಡ,
ಉಂಡು ಬರೂದ್ರಾಗ ಕಾಡಿಗಿ ಹಚಗೊಂಡಿರ್ತದ.
ಸಂದೂಕದ ಮೂಲ್ಯಾಗ ಸುಣ್ಣದ ಹರಳು ಕಟ್ಟಿ ಇಡು,
ಅದು ಹಿಟ್ಟಾದ ದಿನ ಹೊಸಾದು ಇಡು.
ಎಲ್ಲಾ ಹೇಳಿ ಕಡೀಗಿ ಅಂಗೈ ತೋರಸ್ತಿದ್ದ:
ಇದರಾಗೂ ಉಪ್ಪದ, ಮರೀಬ್ಯಾಡ.

ಮರೀಲಿಲ್ಲ. ಇಪ್ಪತ್ತೆರಡು ವರ್ಷ.
ಗ್ವಾಡಿಯಿಂದ ಒಂದು ಮೊಳ ಈಚೆ ಹಲಗಿ ಹೊಡದೆ,
ಸಾಮಾನು ಅದಕ್ಕ ತೂಗಹಾಕಿದೆ,
ಸಂಜಿ ದೀಪಕ್ಕಿಂತ ಮೊದಲು ಎಣ್ಣಿ ಚಿಂದಿ.

ಹೋದ ಶ್ರಾವಣ. ಒಂದು ಮುಂಜಾನಿ ಸಂದೂಕ ತೆರದ್ರ
ದೊಡ್ಡ ರಂದಾದ ಅಲಗಿನ ಬೆನ್ನ ಮ್ಯಾಲ
ಒಂದು ಹೆಬ್ಬೆಟ್ಟು.
ಸುತ್ತು ಸುತ್ತು ಗೆರಿ, ಒಂದೂ ಅಳಿಸಿಲ್ಲ,
ಬ್ಯಾಂಕಿನ ಕಾಗದದ ಮ್ಯಾಲ ಒತ್ತಿದಂಗ,
ಶಾಯಿ ಮಾತ್ರ ಜಂಗಿಂದು.

ಯಾರದು?
ಕೆಲಸದ ಹುಡುಗ ಅಂಬಣ್ಣನ ಕೈ ಎಳದು ನೋಡಿದೆ.
ಸಣ್ಣದು, ಹೊಂದಂಗಿಲ್ಲ. ಹುಡುಗ ಅಳೂಮಾರಿ ಮಾಡದ.
ಲಾಲಪ್ಪಂದು ನೋಡಿದೆ. ಗ್ರೀಸಿನ ಕೈ,
ಅದು ಮುಟ್ಟಿದ್ರ ಜಂಗು ಹತ್ತೋದಲ್ಲ, ಬಿಟ್ಟು ಓಡ್ತದ.
ಸಿದ್ರಾಮಪ್ಪ ಸಿಟ್ಟಿಗೆದ್ದ:
"ನಾ ಸಹಿ ಮಾಡಾಂವ ಲೇ, ಹೆಬ್ಬೆಟ್ಟಿನಾಂವ ಅಲ್ಲ!"
ಎರಡು ದಿನ ಗ್ವಾಡಿ ಕಡಿ ಬರಲಿಲ್ಲ.

ಬುತ್ತಿ ತಂದ ಚಂದಮ್ಮ ಚಾಳೀಸು ಏರಿಸಿ ನೋಡಿದಳು.
"ನಡುವ ಅಡ್ಡ ಒಂದು ಖಾಲಿ ಗೆರಿ ಹಾದದ" ಅಂದಳು.
ಮತ್ತೇನೂ ಅನ್ನಲಿಲ್ಲ.
ನನ್ನ ಬಲಗೈ ಹೆಬ್ಬಟ್ಟು ಹಿಡದು ಬೆಳಕಿಗಿ ತಿರುವಿದಳು.
ಉಳಿ ಜಾರಿದ ಗಾಯ. ಕಲಿಯೋ ಕಾಲದ್ದು.
ಉಸ್ತಾದ ಅರಿಶಿಣ ಒತ್ತಿ ಕಟ್ಟಿದ್ದು.

ಆಗ ನೆನಪಾತು.
ಸಾಗವಾನಿ ಚೌಕಟ್ಟು ಕೀಸೂ ಹೊತ್ತಿನಾಗ ಫೋನ್ ಬಂದಿತ್ತು,
ಮಶಾಕಸಾಬನ ಮಗಂದು.
ಅಲಗು ಬಿಚ್ಚಿ ಕೈಯಾಗ ಹಿಡದಿದ್ದೆ.
ಹಂಗೇ ಸಂದೂಕಕ್ಕ ಹಾಕಿ ಓಡಿದೆ.
ಮೂರು ದಿನ ದುಕಾನ ತೆರೀಲಿಲ್ಲ.

ಇಟ್ಟಂಗಿ ಪುಡಿ, ಎರಡು ಹನಿ ಎಣ್ಣಿ,
ತಿಕ್ಕಿದೆ. ಗೆರಿ ಹೋದ್ವು.
ಹೋದಂಗ ಕಾಣ್ತದ, ಖರೇ,
ಅಲಗು ವಾರಿ ಹಿಡದ್ರ ಸಾಸಿವಿಯಷ್ಟು ಸಣ್ಣ ತಗ್ಗು ಅವ,
ಬಾಯಿಯಿಂದ ಅರ್ಧ ಬೆರಳು ಹಿಂದ.

ಸಾಣಿ ಹಿಡೀತಾ ಹಿಡೀತಾ ಅಲಗು ಸವೀತದ.
ನಾಕು ವರ್ಷಕ್ಕೋ ಐದಕ್ಕೋ
ಬಾಯಿ ಆ ತಗ್ಗಿಗಿ ಬಂದು ಮುಟ್ಟತದ.
ಆಗ ಯಾರದೋ ಮನಿ ಕದದ ಮ್ಯಾಲ
ಕೂದಲಷ್ಟು ಒಂದು ಗೆರಿ ಏಳ್ತದ,
ಕಣ್ಣಿಗಿ ಕಾಣಂಗಿಲ್ಲ, ಕೈಗಿ ಹತ್ತತದ.

ಆಗಿಂದು ಆಗ.
ಅಂಬಣ್ಣ, ಚಿಂದಿ ತಾ.
ಮೊದಲು ಕೈ ಒರಸಿಕೋ.