ಹತ್ತರವರೆಗೆ

ಧ್ಯಾನ ಎಂಬ ನಮ್ಮ ಮಾತು
ಬೆಟ್ಟ ಹತ್ತಿ, ಮರಳು ದಾಟಿ, ಹಡಗು ಏರಿ
ಸವೆದ ಮೆಟ್ಟಿನಂತೆ ಒಂದೊಂದೇ ಅಕ್ಷರ ಕಳಚಿಕೊಂಡು
ಜಪಾನಿನ ಈ ಮೀನೂರಿಗೆ ತಲುಪುವ ಹೊತ್ತಿಗೆ
ಬರೀ ಝೆನ್ ಆಗಿತ್ತು.
ಅದಕ್ಕೇನೂ ಬೇಸರವಿದ್ದಂತಿಲ್ಲ.
ಗುಡಿಯ ಹೊಸ್ತಿಲಾಚೆ, ಇಪ್ಪತ್ತು ಜೊತೆ ಪುಟ್ಟ ಚಪ್ಪಲಿಗಳ ನಡುವೆ
ತಾನೂ ಒಂದು ಜೊತೆಯಾಗಿ ಬಿದ್ದುಕೊಂಡಿದೆ.

ಆಗಸ್ಟ್. ಬೇಸಿಗೆ ರಜೆ. ಬೆಳಗಿನ ಆರು.
ಜೀರುಂಡೆಗಳು ಆಗಲೇ ಗರಗಸ ಹಿಡಿದಿವೆ.
ಗುರುಗಳಿಗೆ ಮಂಡಿನೋವು; ಹಾಗಾಗಿ ಈ ವರ್ಷ
ಮಕ್ಕಳನ್ನು ಕೂರಿಸುವ ಪಾಡು ಅವರ ಹೆಂಡತಿ ಫುಸಾಏ ಅವರದು.
ಏಪ್ರನ್ ಬಿಚ್ಚಲು ಮರೆತೇ ಬಂದಿದ್ದಾರೆ,
ಕೈಯಲ್ಲಿನ್ನೂ ಮೂಲಂಗಿಯ ವಾಸನೆ.

"ಕೂತ್ಕೊಳ್ಳಿ. ಬೆನ್ನು ನೆಟ್ಟಗಿರಲಿ, ಆದರೆ
ಹೆಡ್‌ಮಾಸ್ಟರ ಮುಂದೆ ಕೂತ ಹಾಗಲ್ಲ.
ಉಸಿರು ಹೊರಗೆ ಹೋದಾಗ ಒಂದು ಅನ್ನಿ,
ಇನ್ನೊಮ್ಮೆ ಹೋದಾಗ ಎರಡು.
ಹತ್ತಾದ ಮೇಲೆ ಮತ್ತೆ ಒಂದು.
ನಡುವೆ ತಪ್ಪಿದರೂ ಮತ್ತೆ ಒಂದು.
ಯಾರೂ ಬೈಯುವುದಿಲ್ಲ.
ಆಮೇಲೆ ಕಲ್ಲಂಗಡಿ."

"ಇಷ್ಟೇನಾ?"
"ಇಷ್ಟೇ. ಹಣ್ಣು ಮಾತ್ರ ದೊಡ್ಡದು."

ಇಬುಕಿಗೆ ಎಂಟು ವರ್ಷ.
ಒಂದು:
ಮೊಣಕಾಲ ಗಾಯದ ಹಕ್ಕಳೆ ಅಂಚಿನಲ್ಲಿ ಎದ್ದಿದೆ, ಕೀಳಬಹುದು.
ಎರಡು:
ಮುಂದಿನ ಹುಡುಗಿಯ ಕಾಲುಚೀಲದಲ್ಲಿ ತೂತು,
ತೂತಿನಿಂದ ಇಣುಕಿ ನೋಡುತ್ತಿರುವ ಹೆಬ್ಬೆರಳು.
ಮೂರು:
ಸೊಳ್ಳೆ.
ಒಂದು.

ಪಕ್ಕದಲ್ಲಿ ಅಜ್ಜ ತೊಕುಜಿ.
ನಲವತ್ತು ವರ್ಷ ನಡುರಾತ್ರಿಯ ಕಡಲಲ್ಲಿ
ದೀಪ ತೋರಿಸಿ ಸ್ಕ್ವಿಡ್ ಹಿಡಿದವನು,
ಮೊಮ್ಮಗನನ್ನು ಬಿಟ್ಟು ಹೋಗಲೆಂದು ಬಂದು
ಕಲ್ಲಂಗಡಿ ಎಂದದ್ದು ಕಿವಿಗೆ ಬಿದ್ದು ಉಳಿದವನು.
ಅರೆಗಣ್ಣು ಮುಚ್ಚಿ ಅಲುಗದೆ ಅವನು ಕೂತ ಪರಿಗೆ
ಬುದ್ಧನೂ ಒಮ್ಮೆ ಓರೆಯಲ್ಲಿ ನೋಡಿದಂತಿತ್ತು.

ಗಂಟೆ ಬಾರಿಸಿದರು.
ಸದ್ದು ತೆಳ್ಳಗಾಗುತ್ತ, ಇನ್ನೂ ತೆಳ್ಳಗಾಗುತ್ತ
ಎಲ್ಲಿ ಮುಗಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ.
ಆ ಒಂದು ಗಳಿಗೆ ಇಪ್ಪತ್ತು ಮಕ್ಕಳೂ
ಅದರ ಬಾಲ ಹುಡುಕುತ್ತಿದ್ದರು.

"ನಂಗೆ ಮೂರು ದಾಟಲೇ ಇಲ್ಲ,"
ಇಬುಕಿ ಒಪ್ಪಿಕೊಂಡ, ಸಿಕ್ಕಿಬಿದ್ದವನ ಹಾಗೆ.
"ನಂದು ಇನ್ನೂರ ಹದಿಮೂರು," ಅಂದ ಅಜ್ಜ.
"ನೀವು ಉಸಿರು ಬಿಟ್ಟು ಸ್ಕ್ವಿಡ್ ಎಣಿಸಿದ್ದೀರಿ."
ತೊಕುಜಿ ತಲೆ ಕೆರೆದುಕೊಂಡ:
"ಒಳ್ಳೆ ರಾತ್ರಿ ಅದು, ಏನು ಮಾಡಲಿ."

"ನಿಮ್ಮದೆಷ್ಟು?"
ಚಾಕುವಿಗೆ ಅಂಟಿದ ಕರೀಬೀಜ ಒರೆಸುತ್ತ ಫುಸಾಏ ಅಂದರು:
"ಮದುವೆಯಾಗಿ ಈ ಗುಡಿಗೆ ಬಂದು ನಲವತ್ತಾರು ವರ್ಷ.
ಇವತ್ತು ನಾಲ್ಕು.
ಐದಕ್ಕೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಬಂತು."
"ಆರಿಸಿದ್ದಿರಾ?"
"ತಾಳಪ್ಪಾ,"
ಎದ್ದು ಓಡಿದರು.

ಸಂಜೆ, ಡಬ್ಬಿಮೀನಿನ ಕಾರ್ಖಾನೆಯಿಂದ ಅಮ್ಮ ಬಂದಳು.
ಬಾಗಿಲ ಮೆಟ್ಟಿಲಲ್ಲಿ ಒಂದು ಶೂ ಬಿಚ್ಚಿದ್ದಾಳೆ,
ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಫೋನು ಗುನುಗಿತು:
ನಾಳೆಯ ಪಾಳಿ, ಮತ್ತೆ ಬದಲು.
ಇಬುಕಿ ಒತ್ತಿಕೊಂಡು ಕೂತ.
"ಅಮ್ಮಾ, ಒಂದು ಹೇಳಿಕೊಡ್ತೀನಿ. ಸುಲಭ.
ತಪ್ಪೋದೇ ಜಾಸ್ತಿ ಅದರಲ್ಲಿ."

ಒಂದು, ಅಂದಳು ಚಿಹಾರು, ಅವನ ಸಮಾಧಾನಕ್ಕೆ.
ಎರಡು.
ಎರಡರ ತುದಿಯಲ್ಲಿ ನೆನಪಾಯಿತು:
ಹುಟ್ಟಿದ ಕೂಸು ಅಳಲೇ ಇಲ್ಲ,
ನರ್ಸಿನ ಕೈಯಲ್ಲಿ ನೀಲಿಯಾಗಿ, ತಡವಾಗಿ, ತಡವಾಗಿ,
ಆಮೇಲೆ ಎಳೆದುಕೊಂಡ ಆ ಮೊದಲನೆಯದು.
ಅದಕ್ಕೇ ಉಸಿರೆಂದು ಹೆಸರಿಟ್ಟಿದ್ದಳು. ಇಬುಕಿ.
ಹಲ್ಲುಜ್ಜು ಇಬುಕಿ, ಬ್ಯಾಗೆಲ್ಲಿ ಇಬುಕಿ, ಸಾಕು ಇಬುಕಿ,
ದಿನಕ್ಕೆ ನೂರು ಸಲ ಕರೆದು ಕರೆದು
ಹೆಸರಿನಿಂದ ಅರ್ಥ ಜಾರಿಹೋಗಿತ್ತು.

"ಎಷ್ಟಾಯ್ತು?"
"ತಪ್ಪಿತು ಕಣೋ."
"ಹಾಗಾದ್ರೆ ಒಂದು," ಅಂದ,
ಅಂಗಿಯ ಮೇಲೆ ಕಲ್ಲಂಗಡಿಯ ಕಲೆ ಹೊತ್ತ ಗುರು,
"ಯಾರೂ ಬೈಯಲ್ಲ."

ಒಳಗೆ ಅನ್ನದ ಕುಕ್ಕರ್ ಟಕ್ ಎಂದಿತು.
ಒಂಟಿ ಶೂ ಕಾಲಲ್ಲಿ ಅಮ್ಮ
ಇನ್ನೂ ಏಳಲಿಲ್ಲ.