ಗೈಡಮ್ಮ, ಅವರಿಗೆ ಹೇಳು

ಬೆಳಿಗ್ಗೆ ಎಂಟಕ್ಕೆ ವ್ಯಾನು ಹತ್ತಿದಾಗಲೇ ತಿಳಿಯಿತು.
ಇಬ್ಬರ ನಡುವೆ ಒಂದು ಖಾಲಿ ಸೀಟು,
ಅದರ ಮೇಲೆ ಅವರ ಟೋಪಿ, ಆಕೆಯ ಕೊಡೆ.
ಟಿಕೆಟ್ಟು ಮಗಳು ಕಳಿಸಿದ್ದು, ಮದುವೆಯ ನಲವತ್ತೊಂದನೇ ವರ್ಷಕ್ಕೆ:
ಹಳೆಯ ಊರು, ಹಳೆಯ ಕಸುಬು, ಮಧ್ಯಾಹ್ನದ ಊಟ ಸೇರಿ.

"ಗೈಡಮ್ಮ, ಅವರಿಗೆ ಹೇಳು, ಕಿಟಕಿ ಮುಚ್ಚಲಿ."
"ಮಿಸ್ ಉನ್, ಆಕೆಗೆ ಹೇಳಿ, ಕಿಟಕಿ ಮುಚ್ಚಿಯೇ ಇದೆ."
ನನಗೆ ಚೀನೀ ಬರುತ್ತೆ, ಜಪಾನೀ ಬರುತ್ತೆ.
ಕೊರಿಯನ್ನಿನಿಂದ ಕೊರಿಯನ್ನಿಗೆ ಅನುವಾದ
ಮಾಡಿದ್ದು ಅದೇ ಮೊದಲು.

ಆಕೆಯ ಹೆಸರು ಮಲ್ಸುನ್.
ಐದನೆಯದೂ ಹೆಣ್ಣೇ ಆದಾಗ, ಇನ್ನು ಸಾಕು ಅಂತ ಇಡುವ ಹೆಸರು.
ಅವರು ಕುಕ್ ಛಾಂಗ್ಪಿಲ್,
ಗುನ್ಸಾನ್ ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರು.
ಏನು ಕಂಡರೂ ಎಷ್ಟು ಟನ್ನಿದ್ದೀತೆಂದು
ಕಣ್ಣಲ್ಲೇ ಒಮ್ಮೆ ಎತ್ತಿ ಇಳಿಸುವವರು.

ಮೊದಲು ಹೆಂಚಿನ ಮನೆ. ಕಂಬದ ಬುಡ ತೋರಿಸಿದೆ.
ಕಲ್ಲನ್ನು ಯಾರೂ ಮಟ್ಟ ಮಾಡಿಲ್ಲ ನೋಡಿ,
ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ
ಮರವನ್ನೇ ಕೆತ್ತಿ ಕೂರಿಸಿದ್ದಾರೆ.
ಇಲ್ಲಿ ನಾನು ದಂಪತಿಗಳ ಕಡೆ ತಿರುಗಿ ನಗಬೇಕು.
ನಮ್ಮ ಕಸುಬೇ ಅದು, ಕಂಬವೋ ಕಾಗದವೋ
ಎಲ್ಲವನ್ನೂ ತಂದು ದಾಂಪತ್ಯಕ್ಕೆ ಕಟ್ಟುವುದು.
ನಕ್ಕೆ.
"ಕಲ್ಲು ಯಾರು ಅಂತ ಕೇಳು," ಎಂದಳು ಆಕೆ.
ಅವರು ತೊಲೆಯ ತೂಕದ ಲೆಕ್ಕದಲ್ಲಿದ್ದರು.

ಕಾಗದದ ಕೊಟ್ಟಿಗೆಯಲ್ಲಿ ಪ್ರವಾಸಿಗರೂ
ತೊಗಟೆಯ ಗಂಜಿಯಿಂದ ಒಂದು ಹಾಳೆ ಎತ್ತಬಹುದು.
ಅವರದು ಮೂಲೆಯಲ್ಲಿ ಹರಿಯಿತು.
ಆಕೆಯದು ಹರಿಯಲಿಲ್ಲ, ತೋರಿಸಲೂ ಇಲ್ಲ.
ಎರಡು ಹಸಿ ಹಾಳೆ ಒಂದರ ಮೇಲೊಂದು ಮಲಗಿ
ಒಂದೇ ಆಗುವ ಮಾತನ್ನು ನುಂಗಿಕೊಂಡೆ.

ಜಗಳದ ಬೇರು ತಿಳಿದದ್ದು ಊಟದಲ್ಲಿ:
ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಹೋಗುವಾಗ
ಆಕೆಯ ತಾಯಿಯ ಏಳು ಜಾಡಿ,
ಸೋಯಾದವು, ಮೆಣಸಿನ ಗೊಜ್ಜಿನವು,
ಅವರು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು.
"ಮುನ್ನೂರು ಕಿಲೋ ಇದ್ದವು," ಎಂದರು. ನನಗೆ.

ಹಾನ್ಸಾನ್ ತಲುಪಿದಾಗ ಮೂರು ಗಂಟೆ.
ಮೋಶಿ ನಾರಿನ ಮನೆಯ ಜಗಲಿಯಲ್ಲಿ
ಎಂಬತ್ತೆರಡರ ಪಾಂಗ್ ಅಜ್ಜಿ, ಮೊಣಕಾಲು ಬರಿದು ಮಾಡಿಕೊಂಡು
ಬತ್ತಿ ಹೊಸೆದಂತೆ ಎಳೆಗೆ ಎಳೆ ಹೊಸೆಯುತ್ತಿದ್ದಳು.
ನನ್ನ ಬಾಯಿಪಾಠ ಶುರುವಾಯಿತು:
ಗಿಡದ ನಾರು, ಸೀಳುವುದು ಹಲ್ಲಿನಿಂದ,
ಸೀಳಿ ಸೀಳಿ ಹಲ್ಲಿಗೇ ಕಾಲುವೆ ಬೀಳುತ್ತದೆ,
ಯಾವುದಾದರೂ ಒಗ್ಗಿಹೋಯಿತು ಎನ್ನಲು ನಮ್ಮಲ್ಲಿ ಈಗಲೂ
ಹಲ್ಲಿಗೆ ಕಾಲುವೆ ಬಿತ್ತು ಅನ್ನುವುದು...

ಅಷ್ಟರಲ್ಲಿ ಮಲ್ಸುನ್ ಚಪ್ಪಲಿ ಬಿಟ್ಟು ಚಾಪೆಯ ಮೇಲಿದ್ದಳು.
ಒಂದು ನಾರು ಎತ್ತಿ, ಬಾಯಿಗಿಟ್ಟು,
ತಲೆ ಒಂದಿಷ್ಟು ಓರೆ ಮಾಡಿ
ಸರ್ರನೆ ಸೀಳಿದಳು.
ಒಂದು ಎರಡಾಯಿತು, ಎರಡು ನಾಲ್ಕು,
ಕೂದಲು ದಪ್ಪ ಅನ್ನಿಸುವಷ್ಟು ಸಣ್ಣ.
ಅಜ್ಜಿ ತಲೆಯೆತ್ತಲಿಲ್ಲ. "ಯಾವ ಕೇರಿ?"
"ಬಾವಿಯಾಚೆ. ಹನ್ನೊಂದರಿಂದ ಹದಿನೇಳರವರೆಗೆ."

ಕುಕ್ ಅವರು ಅಂಗಳದಲ್ಲೇ ನಿಂತಿದ್ದರು, ಕೈಯಲ್ಲಿ ಟೋಪಿ.
ಆ ಮುಕ್ಕು ಹಲ್ಲು, ಮದುವೆಯ ರಾತ್ರಿ
ಬಾಟಲಿಯ ಮುಚ್ಚಳ ಕಚ್ಚಿ ತೆಗೆದದ್ದರಿಂದ ಆದದ್ದೆಂದು
ನಲವತ್ತೊಂದು ವರ್ಷ
ಸಿಕ್ಕಸಿಕ್ಕವರಿಗೆ ಹೇಳಿ ನಗಿಸಿದವರು.
"ಹಾಗಾದರೆ ಆ ಬಾಟಲಿ?" ಎಂದರು,
ಆ ದಿನ ಮೊದಲ ಬಾರಿ, ನನ್ನನ್ನು ಬಿಟ್ಟು, ನೇರ.
ಆಕೆಯ ಬಾಯಲ್ಲಿ ಎಳೆಯಿತ್ತು.
ಉತ್ತರ ಬರಲಿಲ್ಲ.

ಕೊನೆಯದು ಜಾಡಿಯವರ ಭಟ್ಟಿ. ಇಪ್ಪತ್ತು ನಿಮಿಷ ತಡ.
ಜಾಡಿ ಉಸಿರಾಡುತ್ತದೆ ಎಂಬ ನನ್ನ ಮಾತನ್ನು
ವ್ಯಾನಿನಲ್ಲೇ ಬಿಟ್ಟು ಇಳಿದೆ.
ಅವರು ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟುತ್ತ,
ಕಿವಿಗೊಡುತ್ತ ಸಾಲಿನುದ್ದ ನಡೆದರು.
ಮೊಣಕಾಲೆತ್ತರದ್ದೊಂದನ್ನು
ಎರಡೂ ಕೈಯಿಂದ ತಬ್ಬಿ ಎತ್ತಿದರು.
ತೂಕ ಹೇಳಲಿಲ್ಲ.

"ಗೈಡಮ್ಮ, ಅವರಿಗೆ ಹೇಳು,
ಅದರ ಮುಚ್ಚಳ ಸೊಟ್ಟ."

ನಾನು ಬಾಯಿ ತೆರೆಯುವ ಮೊದಲೇ
ಅವರು ಜಾಡಿ ಕೆಳಗಿಳಿಸಿ
ಬೇರೆ ಮುಚ್ಚಳ ಹುಡುಕುತ್ತಿದ್ದರು.